ನೂಲಿನ ಲೆಕ್ಕದಲ್ಲಿ ಇನ್ನೂರು ಮೈಲಿ

ನನ್ನ ತಂಗಿ ಗಿರಿಜಾಳ ಮಗಳ ಮದುವೆಯಲ್ಲಿ ಮದುಮಗಳ ಕೈಹಿಡಿದು ಮಂಟಪಕ್ಕೆ ಕರೆತರಬೇಕಾಗಿದ್ದವನು ನಾನು. ಸೋದರ ಮಾವನ ಕೆಲಸ ಅದು. ಗಿರಿಜಾಳ ಗಂಡ ಮೂರು ವರ್ಷ ಮೊದಲೇ ತೀರಿಕೊಂಡಿದ್ದರಿಂದ ಧಾರೆ ಎರೆಯುವುದಕ್ಕೂ ನಾನೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮುಹೂರ್ತ ಕಳೆದು ಒಂದೂವರೆ ಗಂಟೆಯ ಮೇಲೆ ಹೋಗಿ ಸೇರಿದೆ. ಬೇರೆಯವರನ್ನು ಹೊತ್ತಿಗೆ ಸರಿಯಾಗಿ ಅವರವರ ಊರಿಗೆ ಮುಟ್ಟಿಸುವುದೇ ನನ್ನ ಹೊಟ್ಟೆಪಾಡಾಗಿತ್ತು. ತಡವಾದದ್ದಕ್ಕಿಂತ ದೊಡ್ಡ ತಪ್ಪು, ಯಾಕೆ ತಡವಾಯಿತು ಎಂದು ಅವಳಿಗೆ ಹೇಳದೆ ಉಳಿದದ್ದು. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರುವ ಜಂಬದ ಮಾತು ಓದಿ ನನ್ನನ್ನು ಬೇರೆಯೇ ಮನುಷ್ಯನೆಂದು ನೀವು ತಿಳಿದೀರಿ.

ಜಂಬ ಪಡುವಷ್ಟು ಕೆಲಸ ನನಗೆ ಗೊತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಟ್ರಾವೆಲ್ ಏಜನ್ಸಿಯ ಕೆಲಸಕ್ಕೆ ಈಗ ಸೇರುವ ಮಕ್ಕಳು ನನ್ನನ್ನು ಕೇಳುತ್ತಾರೆ, ‘ಅಂಕಲ್, ಕಂಪ್ಯೂಟರ್ ಇಲ್ಲದೆ ಹೇಗೆ ಟಿಕೇಟ್ ಮಾಡ್ತಿದ್ರಿ?’ ಎಂದು. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಓದಿದ್ದು ಏಳನೇ ತರಗತಿಯವರೆಗೆ, ಉಡುಪಿ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ. ಎಪ್ಪತ್ತರ ದಶಕದ ಆರಂಭದಲ್ಲಿ ಮುಂಬಯಿ ಪಕ್ಕದ ಠಾಣೆ ಊರಿಗೆ ಬಂದೆ. ಸ್ಟೇಷನ್ನಿನ ಹತ್ತಿರ ಸಾಠೆ ಸಾಹೇಬರೆಂಬವರು ಚಿಕ್ಕದೊಂದು ಏಜನ್ಸಿ ಇಟ್ಟಿದ್ದರು. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಇಂಗ್ಲಿಷ್ ಬರುತ್ತದೆಯೇ ಎಂದು.

‘ಅಂಗ್ರೇಜಿ ಆತೀ ಹೈ?’

‘ಎ ಯಿಂದ ಝಡ್‌ವರೆಗೆ ಆತೀ ಹೈ, ಸಾಹೇಬ್.’

ಅವರು ಜೋರಾಗಿ ನಕ್ಕರು. ‘ಬಸ್. ಟಿಕೇಟ್ ಮೇ ಉತನೀ ಹೀ ಲಗತೀ ಹೈ.’

ಟಿಕೇಟಿಗೆ ಅಷ್ಟು ಬಂದರೆ ಸಾಕು ಎಂದರು. ಅದು ನಿಜವೂ ಹೌದು. ಪ್ರತಿಯೊಂದು ವಿಮಾನ ನಿಲ್ದಾಣಕ್ಕೂ ಮೂರು ಅಕ್ಷರದ ಗುರುತು. ಆ ಗುರುತು, ಹೆಸರು, ತಾರೀಕು, ಹೊತ್ತು, ಇಷ್ಟು ಬರೆಯಲು ಬಂದರೆ ಟಿಕೇಟಾಯಿತು. ಕಾರ್ಬನ್ ಹಾಳೆಗಳ ಮೇಲೆ ಬಾಲ್‌ಪೆನ್ ಒತ್ತಿ ಬರೆಯಬೇಕು. ಕೆಳಗಿನ ಪ್ರತಿಯಲ್ಲಿ ಮೂಡದಿದ್ದರೆ ಕೌಂಟರಿನವನು ಮುಖಕ್ಕೆ ಎಸೆಯುತ್ತಿದ್ದ. ಬೆಳಿಗ್ಗೆ ಲೋಕಲ್ ಹಿಡಿದು ಮುಂಬಯಿಯ ಕೋಟೆ ಪ್ರದೇಶದ ಏರ್‌ಲೈನ್ ಕಚೇರಿಗೆ ಹೋಗಿ ಸಾಲಿನಲ್ಲಿ ನಿಲ್ಲುವುದು, ಸೀಟು ಗಟ್ಟಿ ಮಾಡಿಸುವುದು, ಸಂಜೆ ಡೊಂಬಿವಲಿ, ಕಲ್ಯಾಣದ ಮನೆಗಳಿಗೆ ಟಿಕೇಟು ಮುಟ್ಟಿಸುವುದು. ಎರಡು ವರ್ಷದಲ್ಲಿ ನಾನು ಮೇಜಿನ ಹಿಂದೆ ಕೂತೆ.

ಕೂತ ಮೇಲೆ ತಿಳಿಯಿತು, ಗಿರಾಕಿಗಳು ಕೇಳುವುದು ಎರಡೇ ಪ್ರಶ್ನೆ. ಎಷ್ಟು ದೂರ? ಎಷ್ಟು ಹೊತ್ತು? ಹೊತ್ತು ವೇಳಾಪಟ್ಟಿಯ ಪುಸ್ತಕದಲ್ಲಿತ್ತು. ದೂರ ಇರಲಿಲ್ಲ. ನಮ್ಮ ಗೋಡೆಯ ಮೇಲೆ ಇಂಡಿಯಾದ ದೊಡ್ಡ ಭೂಪಟವೊಂದು ಇತ್ತು, ಮೂಲೆಯಲ್ಲಿ ಮೈಲಿಯ ಅಳತೆಪಟ್ಟಿ ಇದ್ದದ್ದು. ನಾನು ಗುಂಡಿ ಹೊಲಿಯುವ ಬಿಳಿ ನೂಲು ತಂದು, ಆ ಪಟ್ಟಿಯ ಮೇಲಿಟ್ಟು, ಐವತ್ತು ಐವತ್ತು ಮೈಲಿಗೆ ಶಾಯಿಯ ಚುಕ್ಕೆ ಹಾಕಿಕೊಂಡೆ. ಯಾವ ಎರಡು ಊರಿನ ಹೆಸರು ಹೇಳಿದರೂ ನೂಲು ಬಿಗಿದು ಚುಕ್ಕೆ ಎಣಿಸಿ ಹೇಳುತ್ತಿದ್ದೆ. ಮುಂಬಯಿಯಿಂದ ಮಂಗಳೂರಿನ ಬಜಪೆ ನಿಲ್ದಾಣಕ್ಕೆ ನಾನೂರ ಐವತ್ತಕ್ಕೆ ಸ್ವಲ್ಪ ಕಡಿಮೆ. ಮುಂಬಯಿಯಿಂದ ಬೆಳಗಾವಿಯ ಸಾಂಬ್ರಾಕ್ಕೆ ಇನ್ನೂರ ಐವತ್ತು. ಸಾಂಬ್ರಾದಿಂದ ಬಜಪೆಗೆ ಇನ್ನೂರೇ ಇನ್ನೂರು. ಆದರೆ ಆ ಎರಡರ ನಡುವೆ ವಿಮಾನವೇ ಇರಲಿಲ್ಲ. ವಿಮಾನದಲ್ಲೇ ಹೋಗಬೇಕೆನ್ನುವವನು ಮುಂಬಯಿಗೆ ಬಂದು ಮತ್ತೆ ದಕ್ಷಿಣಕ್ಕೆ ಇಳಿಯಬೇಕು. ಇನ್ನೂರು ಮೈಲಿ ಹೋಗುವುದಕ್ಕೆ ಏಳುನೂರು ಮೈಲಿ ಹಾರಬೇಕು. ಇದನ್ನು ಹೇಳಿದಾಗ ಗಿರಾಕಿಗಳ ಬಾಯಿ ತೆರೆದುಕೊಳ್ಳುವುದನ್ನು ನೋಡುವುದು ನನಗೆ ಖುಷಿ. ‘ನೂಲಿನ ವಾಮನ’ ಎಂದು ಹೆಸರು ಬಿತ್ತು. ನನಗೇನೂ ಬೇಸರವಿರಲಿಲ್ಲ.

ಹೊತ್ತಿನ ವಿಷಯ ಕಲಿಸಿದವರು ಡೊಂಬಿವಲಿಯ ಕುಲಕರ್ಣಿಯವರು. ಧಾರವಾಡ ಕಡೆಯವರು, ಒಂದು ಕಾರ್ಖಾನೆಯಲ್ಲಿ ಹೆಡ್ ಕ್ಲಾರ್ಕು. ಮೊದಲ ಸಲ ವಿಮಾನ ಹತ್ತುವವರು. ಬೆಳಗಾವಿಗೆ ಎಷ್ಟು ಹೊತ್ತು ಎಂದು ಕೇಳಿದರು. ಪುಸ್ತಕ ನೋಡಿ ಒಂದು ಗಂಟೆ ಹತ್ತು ನಿಮಿಷ ಎಂದೆ. ಹೊರಡುವ ದಿನ ಮಧ್ಯಾಹ್ನ ಅವರು ಚೀಲ ಹಿಡಿದುಕೊಂಡೇ ನಮ್ಮ ಅಂಗಡಿಯ ಬಾಗಿಲಲ್ಲಿ ನಿಂತರು.

‘ಏನಪಾ ವಾಮನ, ಒಂದ್ ತಾಸು ಹತ್ತ್ ನಿಮಿಷ ಅಂದಿದ್ದಿ. ನಮ್ಮ ಮನೀ ಬಿಟ್ಟು ವಿಮಾನದ ಬಾಗಲಾ ಮುಟ್ಟೂದ್ರಾಗ ಮೂರ್ ತಾಸು ಹೋದ್ವು. ವಿಮಾನ ಮಾತ್ರ ನನ್ನ ಬಿಟ್ಟು ಒಂದ್ ತಾಸು ಹತ್ತ್ ನಿಮಿಷಕ್ಕ ಬೆಳಗಾವಿ ಮುಟ್ಟೇತಿ. ನಿನ್ನ ಮಾತು ಸುಳ್ಳಾಗ್ಲಿಲ್ಲ ಬಿಡು.’

ಬೈದಿದ್ದರೆ ಮರೆಯುತ್ತಿದ್ದೆನೇನೋ. ಅವರು ನಗುತ್ತಾ ಹೇಳಿದ್ದರಿಂದ ಅದು ಇವತ್ತಿಗೂ ಕಿವಿಯಲ್ಲಿದೆ. ಮರುದಿನವೇ ಒಂದು ರಟ್ಟು ತೆಗೆದುಕೊಂಡು ನಮ್ಮ ಕಡೆಯ ಎಲ್ಲ ಊರಿನ ಹೆಸರು ಬರೆದೆ. ಡೊಂಬಿವಲಿಯಿಂದ ದಾದರಿಗೆ ಬಂದು, ಗಾಡಿ ಬದಲಿಸಿ ಸಾಂತಾಕ್ರೂಜ್‌ನಲ್ಲಿ ಇಳಿದು, ರಿಕ್ಷಾ ಹಿಡಿದು ನಿಲ್ದಾಣ: ಮೂರು ಗಂಟೆ. ಕಲ್ಯಾಣಕ್ಕೆ ಮೂರೂ ಕಾಲು. ವಾಶಿಗೆ ಆಗ ರೈಲಿರಲಿಲ್ಲ. ಖಾಡಿಯೆಂಬ ಕಡಲ ಹಿನ್ನೀರಿನ ಸೇತುವೆ ದಾಟುವ ಬಸ್ಸಿನ ಮೇಲೆ ನಂಬಿಕೆಯಿಟ್ಟು ಎರಡೂವರೆ. ಗಾಡಿಗಳು ತುಂಬಿಕೊಂಡೇ ಬರುವ ದಿವಾ ಸ್ಟೇಷನ್ನಿನ ಹೆಸರಿನ ಎದುರಿಗೆ ಎರಡೂ ಮುಕ್ಕಾಲು ಎಂದು ಬರೆದೆ. ಸಾಠೆ ಸಾಹೇಬರು ಅದನ್ನು ನೋಡಿ ಪಕ್ಕದಲ್ಲಿ ಪೆನ್ಸಿಲಿನಿಂದ ‘ಗಾಡಿಯೊಳಗೆ ಹತ್ತಲಾದರೆ’ ಎಂದು ಮರಾಠಿಯಲ್ಲಿ ಸೇರಿಸಿದರು. ಅವತ್ತಿನಿಂದ ನಾನು ಯಾರಿಗೂ ವಿಮಾನದ ಹೊತ್ತು ಹೇಳಲಿಲ್ಲ. ಅವರ ಮನೆಯ ಹೊಸಿಲಿನಿಂದ ಊರಿನ ಮನೆಯ ಹೊಸಿಲಿನವರೆಗೆ ಎಷ್ಟು ಹೊತ್ತೆಂದು ಹೇಳುತ್ತಿದ್ದೆ. ಪುಸ್ತಕದ ಒಂದೂ ಕಾಲು ಗಂಟೆ ಹೀಗೆ ಏಳೂವರೆ ಎಂಟು ಗಂಟೆಯಾಗುತ್ತಿತ್ತು. ಕೆಲವರು ‘ಇದಕ್ಕಿಂತ ಬಸ್ಸೇ ವಾಸಿ’ ಎಂದು ಎದ್ದು ಹೋದರು. ಸಾಹೇಬರು ಅದಕ್ಕೂ ಏನೂ ಅನ್ನಲಿಲ್ಲ. ಅಂಥ ಮಾಲೀಕರು ಸಿಗುವುದು ಅಪರೂಪ.

ತಪ್ಪುಗಳನ್ನೂ ಮಾಡಿದ್ದೇನೆ. ವೇಳಾಪಟ್ಟಿಯಲ್ಲಿ ಹೋಗುವ ವಿಮಾನವನ್ನು ಮೇಲಿನಿಂದ ಕೆಳಗೆ ಓದಬೇಕು, ಬರುವುದನ್ನು ಕೆಳಗಿನಿಂದ ಮೇಲೆ. ಇದು ತಿಳಿಯದೆ ಕಲ್ಯಾಣದಲ್ಲಿ ಹೋಟೆಲ್ ಇಟ್ಟಿದ್ದ ನಮ್ಮೂರ ಕಡೆಯ ಗಂಡಹೆಂಡತಿಗೆ ಊರಿನಿಂದ ಮರಳುವ ಟಿಕೇಟಿನಲ್ಲಿ ವಿಮಾನ ಮುಂಬಯಿಯಲ್ಲಿ ಇಳಿಯುವ ಹೊತ್ತನ್ನೇ ಹೊರಡುವ ಹೊತ್ತೆಂದು ಬರೆದುಕೊಟ್ಟೆ. ಅವರು ಬಜಪೆಗೆ ಹೋಗಿ ನೋಡಿದರೆ ಅಲ್ಲಿ ಕಸ ಗುಡಿಸುವವನೊಬ್ಬನೇ ಇದ್ದನಂತೆ. ‘ವಿಮಾನ ಎಲ್ಲಿ?’ ಎಂದು ಕೇಳಿದ್ದಕ್ಕೆ ಅವನು ಬೆರಳೆತ್ತಿ ಆಕಾಶ ತೋರಿಸಿದನಂತೆ. ಸಾಹೇಬರು ನನ್ನನ್ನು ಕೂರಿಸಿ ಇಡೀ ಪುಸ್ತಕವನ್ನು ಕೆಳಗಿನಿಂದ ಮೇಲಕ್ಕೆ ಓದಿಸಿದರು.

ಇನ್ನೊಂದು ಸಲ ನಮ್ಮ ಗಿರಾಕಿ ಹತ್ತಿದ್ದ ವಿಮಾನ ಬಜಪೆಯ ಗುಡ್ಡದ ಮೇಲೆ ಮೋಡ ಕವಿದದ್ದರಿಂದ ಇಳಿಯಲಾರದೆ ಸುತ್ತು ಹಾಕಿ ಮುಂಬಯಿಗೇ ವಾಪಸು ಬಂತು. ಆತ ಸೀದಾ ನನ್ನ ಮೇಜಿಗೆ ಬಂದು, ‘ಈಗ ಹೇಳು ಮಾರಾಯ, ಸಾಂತಾಕ್ರೂಜ್‌ನಿಂದ ಸಾಂತಾಕ್ರೂಜ್‌ಗೆ ಎಷ್ಟು ದೂರ?’ ಎಂದು ಕೇಳಿದ. ನಾನು ನೂಲು ಮಡಚಿ ಅಳೆದು ‘ಒಂಬೈನೂರು ಮೈಲಿ’ ಎಂದೆ. ಅವನಿಗೂ ನಗು ಬಂತು.

ಪಂಖದ ವಿಮಾನ ಹೋಗಿ ಜೆಟ್ ಬಂದಾಗ ಹಳೆಯ ಹೊತ್ತಿನ ಲೆಕ್ಕವೆಲ್ಲ ಕೆಟ್ಟಿತು. ಆಗ ಒಂದು ವಿಷಯ ಕಂಡುಕೊಂಡೆ. ದೂರ ಅರ್ಧವಾದರೆ ಹೊತ್ತು ಅರ್ಧವಾಗುವುದಿಲ್ಲ. ಏರುವುದಕ್ಕೆ ಇಳಿಯುವುದಕ್ಕೆ ಎಂದು ಪ್ರತಿ ವಿಮಾನವೂ ಸುಮಾರು ಅರ್ಧ ಗಂಟೆ ನುಂಗುತ್ತದೆ. ಊರು ಹತ್ತಿರವಿರಲಿ ದೂರವಿರಲಿ, ಅದು ಬಿಡುವುದಿಲ್ಲ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಪುಸ್ತಕದ ಹೊತ್ತು, ನೂಲಿನ ದೂರ ಪಕ್ಕಪಕ್ಕ ಬರೆದು ನೋಡಿ ನಾನೇ ತಿಳಿದುಕೊಂಡೆ. ಕಚೇರಿಯಲ್ಲಿ ಆಮೇಲೆ ಸೇರಿದ ಇಬ್ಬರು ಪದವೀಧರರಿಗೆ ಇದನ್ನು ಹೇಳಿಕೊಟ್ಟವನೂ ನಾನೇ. ಅವರು ನನ್ನ ಇಂಗ್ಲಿಷ್ ಕೇಳಿ ಬೆನ್ನ ಹಿಂದೆ ನಗುತ್ತಿದ್ದರು ಎಂಬುದು ನನಗೆ ಗೊತ್ತಿತ್ತು.

ಸಾಠೆ ಸಾಹೇಬರ ಒಂದು ಕಟ್ಟುನಿಟ್ಟಿತ್ತು. ‘ಶಾದೀ ವಾಲೇ ಕೋ ಏಕ್ ದಿನ್ ಪೆಹಲೇ ಭೇಜೋ.’ ಮುಹೂರ್ತಕ್ಕೆ ಹೋಗುವವರನ್ನು ಒಂದು ದಿನ ಮೊದಲೇ ಊರಿಗೆ ಮುಟ್ಟಿಸಬೇಕು, ಅದೂ ನೇರ ವಿಮಾನದಲ್ಲಿ. ನೂರಾರು ಮದುವೆಗಳಿಗೆ ನಾನು ಜನರನ್ನು ಹಾಗೆ ಕಳುಹಿಸಿದ್ದೇನೆ. ಒಬ್ಬರಿಗೂ ಮುಹೂರ್ತ ತಪ್ಪಿದ್ದಿಲ್ಲ.

ಎಂಬತ್ತರ ದಶಕದ ನಡುವೆ ಗಿರಿಜಾಳ ಮಗಳು ವೀಣಾಳಿಗೆ ಸಂಬಂಧ ಕೂಡಿಬಂತು. ಹುಡುಗ ಡೊಂಬಿವಲಿಯ ಕೆಮಿಕಲ್ ಕಾರ್ಖಾನೆಯಲ್ಲಿ ಕೆಲಸದವನು. ನಾನೇ ನೋಡಿ ತೋರಿಸಿದ್ದು. ಮದುವೆ ಉಡುಪಿಯಲ್ಲಿ, ಬೆಳಿಗ್ಗೆ ಹನ್ನೊಂದು ನಲವತ್ತರ ಮುಹೂರ್ತ. ಗಿರಿಜಾಳ ಗಂಡ ಸತ್ತ ಮೇಲೆ ಗಂಡನ ಅಣ್ಣ ರಾಘವ ಮನೆಯ ಪಾಲಿನ ಜಗಳ ತೆಗೆದು ಅವಳನ್ನು ಮಗಳೊಂದಿಗೆ ಹೊರಗೆ ಹಾಕಿದ್ದ. ಮದುವೆಗೆ ಅವನನ್ನು ಕರೆಯಲೇಬೇಕಾಯಿತು, ಊರಿನವರ ಬಾಯಿಗೆ ಹೆದರಿ. ಕರೆಯುವಾಗಲೇ ಅವಳು ನನಗೆ ಕಾಗದ ಬರೆದಿದ್ದಳು: ‘ಅಣ್ಣಾ, ನೀನು ಒಬ್ಬ ಇದ್ದರೆ ಸಾಕು. ಅವರ ಎದುರು ನಾನು ಕೈಯೊಡ್ಡುವ ಹಾಗೆ ಮಾಡಬೇಡ.’

ನನ್ನ ಹೆಂಡತಿ ಮಕ್ಕಳು ಬಸ್ಸಿನಲ್ಲಿ ವಾರ ಮೊದಲೇ ಹೋದರು. ನನಗೆ ಮದುವೆಯ ಮುನ್ನಾದಿನದ ಬಜಪೆ ವಿಮಾನದಲ್ಲಿ ಸೀಟು ಗಟ್ಟಿಯಾಗಿತ್ತು. ಅದಕ್ಕೂ ಹಿಂದಿನ ದಿನ ಸಂಜೆ ವಾಶಿ ಮಾರ್ಕೆಟಿನ ದೊಡ್ಡ ಈರುಳ್ಳಿ ವ್ಯಾಪಾರಿಯೊಬ್ಬರ ಫೋನು ಬಂತು. ನಾಳೆ ಮಂಗಳೂರಿಗೆ ಹೋಗಲೇಬೇಕು, ಎಲ್ಲಿಯೂ ಸೀಟಿಲ್ಲ. ಆ ಮಾರ್ಕೆಟಿನ ಗಿರಾಕಿಗಳನ್ನು ಹಿಡಿಯಲು ನಾವು ಒಂದು ವರ್ಷದಿಂದ ಒದ್ದಾಡುತ್ತಿದ್ದೆವು.

ನಾನು ಇಷ್ಟು ವರ್ಷ ನನ್ನ ಮನಸ್ಸಿಗೇ ಹೇಳಿಕೊಂಡ ಕತೆಯಲ್ಲಿ, ಸಾಹೇಬರು ನನ್ನ ಸೀಟು ಕಿತ್ತುಕೊಂಡರು. ನಡೆದದ್ದು ಹಾಗಲ್ಲ. ಅವರು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ‘ನಾಳೆ ಫುಲ್ ಅಲ್ಲವೇ?’ ಎಂದಷ್ಟೇ ಕೇಳಿದರು. ನಾನು ಎದ್ದು ನಿಂತೆ.

‘ಸಾಹೇಬ್, ಮೇರೀ ಸೀಟ್ ದೇ ದೋ. ಮೈ ಬೆಳಗಾವ್ ಸೇ ಜಾವೂಂಗಾ.’ ನನ್ನ ಸೀಟು ಅವರಿಗೆ ಕೊಡಿ, ನಾನು ಬೆಳಗಾವಿಯ ಮೇಲಿನಿಂದ ಹೋಗುತ್ತೇನೆ ಎಂದೆ.

‘ವೇಡಾ ಆಹೇಸ್ ಕಾ?’ ನಿನಗೇನು ಹುಚ್ಚೇ ಎಂದರು ಸಾಹೇಬರು. ‘ತುಝ್ಯಾ ಭಾಚೀಚಂ ಲಗ್ನ ಆಹೇ. ಮೀ ನಾಹೀ ಸಾಂಗತೋ ತ್ಯಾಂನಾ.’ ನಿನ್ನ ತಂಗಿಯ ಮಗಳ ಮದುವೆಯಿದೆ, ನಾನು ಅವರಿಗೆ ಆಗುವುದಿಲ್ಲ ಎಂದು ಹೇಳಿಬಿಡುತ್ತೇನೆ ಎಂದರು.

ಪದವೀಧರರಿಬ್ಬರೂ ನೋಡುತ್ತಿದ್ದರು. ನಾನು ಗೋಡೆಗೆ ಹೋಗಿ ಸಾಂಬ್ರಾದಿಂದ ಉಡುಪಿಗೆ ನೂಲು ಬಿಗಿದೆ. ‘ನೋಡಿ ಸಾಹೇಬ್, ಇನ್ನೂರು ಮೈಲಿಯೂ ಇಲ್ಲ. ಎರಡೂವರೆಗೆ ಇಳೀತೇನೆ. ಟ್ಯಾಕ್ಸಿ ಗಂಟೆಗೆ ನಲವತ್ತು ಮೈಲಿ. ರಾತ್ರಿ ಊಟಕ್ಕೆ ತಂಗಿ ಮನೆ.’

ಸಾಹೇಬರು ನನ್ನ ಮುಖವನ್ನೇ ನೋಡಿದರು. ‘ನಕ್ಕೀ?’ ಎಂದರು.

‘ನಕ್ಕೀ’ ಎಂದೆ. ಖಂಡಿತ ಎಂದು.

ಊರಿನ ಜನ ಬೆಳಗಾವಿಯ ಮೇಲಿನಿಂದ ಯಾಕೆ ಬರುವುದಿಲ್ಲ ಎಂದು ಆ ಕ್ಷಣದಲ್ಲಿ ಯೋಚಿಸಲಿಲ್ಲ. ನಾನು ಹುಟ್ಟಿದ್ದು ಕರಾವಳಿಯಲ್ಲಿ. ಘಟ್ಟ ಇದೆಯೆಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೂಲಿಗೆ ಗೊತ್ತಿರಲಿಲ್ಲ, ನಾನು ನೂಲನ್ನು ನಂಬಿದೆ. ಡೊಂಬಿವಲಿಯಿಂದ ನಿಲ್ದಾಣಕ್ಕೆ ನಿಮಿಷ ನಿಮಿಷದ ಲೆಕ್ಕ ಹಾಕುತ್ತಿದ್ದವನು ಸಾಂಬ್ರಾದಿಂದ ತಂಗಿಯ ಮನೆಗೆ ಮಾತ್ರ ಹಾಕಲಿಲ್ಲ.

ಬೆಳಗಾವಿಯ ವಿಮಾನ ಎರಡೂವರೆಗೆ ಸರಿಯಾಗಿ ಇಳಿಯಿತು. ಹೊರಗೆ ಬಸಪ್ಪನೆಂಬ ಟ್ಯಾಕ್ಸಿಯವನು ಸಿಕ್ಕ.

‘ಉಡುಪಿಗ್ಯಾ? ಇವತ್ತೋ, ನಾಳೆಯೋ ಸಾಹೇಬ್ರ?’

‘ಇವತ್ತೇ. ಇನ್ನೂರು ಮೈಲಿ ಅಲ್ವಾ?’

‘ಯಾರ್ ಅಳದಾರ್ರೀ? ಘಟ್ಟಾ ಕಿತ್ತ್ ಬಾಜೂಕಿಟ್ಟು ಅಳದಾರೇನು?’

ನಾನು ನಗಲಿಲ್ಲ. ಯಲ್ಲಾಪುರ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಬಸಪ್ಪ ಗಾಡಿ ಬದಿಗೆ ಹಾಕಿ ಕೀಲಿ ತೆಗೆದು ಜೇಬಿಗಿಟ್ಟ. ಬೇಡಿಕೊಂಡೆ, ಗದರಿಸಿದೆ.

‘ನನಗೂ ಎರಡ್ ಹೆಣ್ಮಕ್ಕಳದಾವ್ರಿ’ ಅಂದ ಅವನು. ‘ಅವರ ಲಗ್ನಕ್ಕ ನಾನು ಇರಬೇಕಲ್ಲ. ಈ ಲಾರಿಗಳ ನಡುವ ಕತ್ತಲದಾಗ ಘಟ್ಟಾ ಇಳಿಯಂಗಿಲ್ಲ. ಮುಂಜಾನೆ ಐದಕ್ಕ ಬಿಡೂನು.’

ಗಿರಿಜಾಳ ಮನೆಯಲ್ಲಿ ಫೋನಿರಲಿಲ್ಲ. ಮದುವೆ ಹಾಲಿನ ನಂಬರಿಗೆ ಟ್ರಂಕ್ ಕಾಲ್ ಬರೆಸಿದೆ, ಸಿಗಲಿಲ್ಲ. ಬೆಳಿಗ್ಗೆ ಐದಕ್ಕೆ ಹೊರಟೆವು. ಘಟ್ಟದ ಅರ್ಧದಲ್ಲಿ ಒಂದು ಲಾರಿ ಅಡ್ಡ ಬಿದ್ದಿತ್ತು. ಅದನ್ನು ಎಳೆದು ಸರಿಸುವವರೆಗೆ ಎರಡು ಗಂಟೆ ರಸ್ತೆಯ ಮೇಲೆ ನಿಂತೆ, ಮದುವೆಗೆಂದು ಉಟ್ಟ ಹೊಸ ಪಂಚೆಯಲ್ಲಿ. ಕುಮಟಾ ದಾಟುವಾಗಲೇ ತಿಳಿಯಿತು, ಇನ್ನು ಆಗುವುದಿಲ್ಲ ಎಂದು. ಆದರೂ ಗಡಿಯಾರ ನೋಡುವುದನ್ನು ಬಿಡಲಿಲ್ಲ. ಹನ್ನೊಂದು ನಲವತ್ತಕ್ಕೆ ನಾವು ಭಟ್ಕಳದಲ್ಲಿದ್ದೆವು.

ಹಾಲಿಗೆ ಹೋದಾಗ ಎರಡನೇ ಪಂಕ್ತಿಯ ಊಟ ನಡೆಯುತ್ತಿತ್ತು. ರಾಘವ ಮುಂದಿನ ಸಾಲಿನ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ. ಧಾರೆ ಎರೆದವನಿಗೆ ಹೊದಿಸುವ ಶಾಲು. ಗಿರಿಜಾ ನೀರಿನ ತಂಬಿಗೆ ಹಿಡಿದು ಓಡಿ ಬಂದಳು. ನಾವು ಮನೆಯಲ್ಲಿ ಮಾತಾಡುವುದು ತುಳು. ಅವಳು ಅಂದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ.

‘ವಿಮಾನ ಲೇಟಾ ಅಣ್ಣಾ?’

ಹೌದೆಂದು ತಲೆಯಾಡಿಸಿದೆ. ಸುಳ್ಳು ಹೇಳಿದೆ ಎನ್ನುವ ಹಾಗೂ ಇಲ್ಲ; ಅವಳೇ ಕೊಟ್ಟದ್ದನ್ನು ತೆಗೆದುಕೊಂಡೆ. ಅವಳು ಹಾಲಿನ ಕಡೆ ತಿರುಗಿ ಎಲ್ಲರಿಗೂ ಕೇಳುವ ಹಾಗೆ, ‘ನಾನು ಹೇಳಿರ್ಲಿಲ್ವಾ? ವಿಮಾನ ಲೇಟಾದ್ರೆ ಅವನು ಎಂತ ಮಾಡ್ಲಿಕ್ಕುಂಟು?’ ಎಂದಳು. ನನ್ನ ಹೆಂಡತಿಯೂ ಅದನ್ನೇ ನಂಬಿದಳು. ಮರುವಾರ ಕಚೇರಿಗೆ ಹೋದಾಗ ಈರುಳ್ಳಿ ವ್ಯಾಪಾರಿಯ ಫೋನು ಬಂತು. ವಿಮಾನ ಐದು ನಿಮಿಷ ಮೊದಲೇ ಇಳಿಯಿತು, ಬಹಳ ಉಪಕಾರವಾಯಿತು ಎಂದರು. ಸಾಠೆ ಸಾಹೇಬರು ‘ಮದುವೆ ಚೆನ್ನಾಗಿ ಆಯಿತಾ?’ ಎಂದು ಕೇಳಿದರು. ಅವರಿಗೂ ತಲೆಯಾಡಿಸಿದೆ.

ವೀಣಾ ಡೊಂಬಿವಲಿಗೆ ಬಂದು ಸಂಸಾರ ಹೂಡಿದ ಮೇಲೆ, ಒಂದು ಮಧ್ಯಾಹ್ನ ಟಿಕೇಟು ಕೊಡಲು ಆ ಕಡೆ ಹೋದವನು ಅವಳ ಮನೆಗೆ ಹೋದೆ. ಚಹಾ ಮಾಡುತ್ತಾ ಅವಳು, ‘ಮಾವಾ, ನಿಮಗೆ ಒಂದು ಗೊತ್ತುಂಟಾ?’ ಎಂದು ಶುರು ಮಾಡಿದಳು. ಮದುಮಗಳ ಕೋಣೆಯ ಕಿಟಕಿಯಿಂದ ಅವಳು ಎಲ್ಲ ನೋಡಿದ್ದಳಂತೆ. ಪುರೋಹಿತರು ಅವಸರ ಮಾಡುತ್ತಿದ್ದರು. ಹನ್ನೊಂದೂವರೆಗೆ ಅವಳಮ್ಮ ರಾಘವನ ಎದುರು ಹೋಗಿ ನಿಂತಳು. ಅವನು ಇಡೀ ಹಾಲಿಗೆ ಕೇಳುವ ಹಾಗೆ, ‘ಈಗ ನಾನು ಬೇಕಾಯ್ತಾ? ನಿನ್ನ ವಿಮಾನದ ಅಣ್ಣ ಎಲ್ಲಿ? ಮೇಲೆ ಉಂಟಾ ಇನ್ನೂ?’ ಎಂದನಂತೆ. ಜನ ನಕ್ಕರಂತೆ. ಅವಳಮ್ಮ ಅವನ ಕಾಲಿಗೆ ಬಿದ್ದಳಂತೆ.

‘ಅಮ್ಮ ಇದನ್ನು ನಿಮಗೆ ಹೇಳಬಾರದು ಅಂದಿದ್ದಾರೆ’ ಎಂದಳು ವೀಣಾ. ‘ನಿಮಗೆ ಬೇಸರ ಆಗ್ತದೆ ಅಂತ.’

ಚಹಾ ಕುಡಿದು ಹೊರಗೆ ಬಂದೆ. ಆಗಲೇ ಹೇಳಬಹುದಿತ್ತು. ಊರಿಗೆ ಪ್ರತಿ ವರ್ಷ ಹೋಗುತ್ತಿದ್ದೆ, ಆಗಲೂ ಹೇಳಬಹುದಿತ್ತು. ಗಿರಾಕಿಗಳ ಎದುರು ನನ್ನ ತಪ್ಪು ಒಪ್ಪಿಕೊಳ್ಳಲು ನನಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಕಲ್ಯಾಣದ ಗಂಡಹೆಂಡತಿಯ ಹೋಟೆಲಿಗೆ ನಾನೇ ಹೋಗಿ ಕೈಮುಗಿದಿದ್ದೆ. ತಂಗಿಯ ಎದುರು ಆಗಲಿಲ್ಲ. ಅವಳು ಪ್ರತಿ ಸಲವೂ ನನ್ನ ಪರವಾಗಿ ಮಾತಾಡುತ್ತಿದ್ದಳು. ನನ್ನ ತಪ್ಪಿಗೆ ಅವಳೇ ವಕೀಲೆಯಾಗಿದ್ದಳು, ಯಾವ ತಪ್ಪೆಂದು ತಿಳಿಯದೆ.

ಯುವಕರಿಗೆ ನಾನು ಹೇಳುವುದು ಇಷ್ಟು. ಈಗ ನಿಮಗೆ ಪರದೆಯ ಮೇಲೆ ದೂರವೂ ಹೊತ್ತೂ ಒಟ್ಟಿಗೆ ಬರುತ್ತವೆ, ನೂಲು ಬೇಡ. ಆದರೆ ಕೇಳುವವನು ಎಲ್ಲಿಗೆ ಹೋಗುತ್ತಾನೆ, ಯಾಕೆ ಹೋಗುತ್ತಾನೆ, ಅಲ್ಲಿ ಅವನಿಗಾಗಿ ಯಾರು ಬಾಗಿಲಲ್ಲಿ ನಿಂತಿದ್ದಾರೆ ಎಂದು ಕೇಳದೆ ಹೊತ್ತು ಹೇಳಬೇಡಿ. ನಿಮ್ಮ ಸ್ವಂತದ ಪ್ರಯಾಣಕ್ಕೂ ಗಿರಾಕಿಗೆ ಹಾಕುವ ಲೆಕ್ಕವನ್ನೇ ಹಾಕಿ. ಕೆಲಸ ಚೆನ್ನಾಗಿ ಬಲ್ಲವನಿಗೇ ಈ ಮಾತು ಬೇಕು. ಬಾರದವನು ಹೇಗೂ ಹೆದರಿ ಹೆಜ್ಜೆ ಇಡುತ್ತಾನೆ.

ಗಿರಿಜಾ ಈಗ ಡೊಂಬಿವಲಿಯಲ್ಲಿ ಮಗಳ ಜೊತೆಗಿದ್ದಾಳೆ. ಕಳೆದ ತಿಂಗಳು ಒಂದು ಭಾನುವಾರ ಹೋಗಿದ್ದೆ. ಪಕ್ಕದ ಮನೆಯ ಹೆಂಗಸು ಮಂಗಳೂರಿಗೆ ಮದುವೆಗೆ ಹೋಗುವವಳು, ಮುಹೂರ್ತದ ದಿನದ್ದೇ ಬೆಳಗಿನ ವಿಮಾನ ಸಾಕಲ್ಲವೇ ಎಂದು ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ಹೇಳಿದಳು.

‘ಬೇಡ ಮಾರಾಯ್ತಿ, ಮುನ್ನಾದಿನವೇ ಹೋಗು. ಟಿಕೇಟಿನ ಕೆಲಸದಲ್ಲೇ ಇದ್ದವನು ನನ್ನ ಅಣ್ಣ. ಅವನಿಗೇ ವಿಮಾನ ಕೈ ಕೊಟ್ಟಿತು, ಪಾಪ.’

ಆ ‘ಪಾಪ’ವನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಪಕ್ಕದ ಮನೆಯವಳು ಹೋದ ಮೇಲೆ ಹೇಳಿದೆ.

‘ಗಿರಿಜಾ, ಅವತ್ತು ವಿಮಾನ ಲೇಟಾಗಿರಲಿಲ್ಲ.’

ಅವಳು ಬಟ್ಟೆ ಮಡಚುತ್ತಿದ್ದಳು. ‘ಮತ್ತೆ?’

‘ನನ್ನ ಸೀಟನ್ನು ಒಬ್ಬ ವ್ಯಾಪಾರಿಗೆ ಕೊಟ್ಟೆ. ಬೆಳಗಾವಿಯಿಂದ ಬಂದು ಮುಟ್ಟುತ್ತೇನೆ ಅಂದುಕೊಂಡೆ.’

‘ಸಾಹೇಬರು ಕೊಡು ಅಂದ್ರಾ?’

‘ಇಲ್ಲ. ಅವರು ಬೇಡ ಅಂದರು. ನಾನೇ ಕೊಟ್ಟದ್ದು. ದೊಡ್ಡಸ್ತಿಕೆಗೆ.’

ಅವಳ ಕೈ ನಿಂತಿತು. ನನ್ನನ್ನು ನೋಡದೆ, ‘ಅವತ್ತು ಆ ರಾಘವನ ಹತ್ತಿರ ನಾನು...’ ಎಂದು ಅಲ್ಲಿಗೇ ನಿಲ್ಲಿಸಿದಳು.

‘ಗೊತ್ತುಂಟು’ ಎಂದೆ. ‘ನೀನು ಅವನ ಕಾಲಿಗೆ ಬಿದ್ದದ್ದು ನನ್ನಿಂದ. ಅದು ಗೊತ್ತಾದ ಮೇಲೂ ಇಷ್ಟು ವರ್ಷ ನಿನ್ನ ಬಾಯಲ್ಲಿ ನನ್ನ ಸುಳ್ಳು ಹೇಳಿಸಿದೆ. ತಪ್ಪಾಯಿತು ಗಿರಿಜಾ. ನನ್ನನ್ನು ಕ್ಷಮಿಸು.’